ನನಗೆ ಗೊತ್ತಿಲ್ಲದ್ದು ಬರೀರಿ

ಪದ್ಮಿನಿ ಮೇಡಂ ಅವರನ್ನು ನಾನು ಮೊದಲು ಕಂಡದ್ದು ಒಂದು ಸೋಮವಾರ, ಶಾಲೆಯ ಒಲೆಗೆ ಎಸರಿಟ್ಟ ಹೊತ್ತಿನಲ್ಲಿ. ಕೊಳ್ಳೇಗಾಲದ ಬಸ್ಸನ್ನು ಬಂಡಳ್ಳಿಯಲ್ಲಿ ಇಳಿದು, ಅಲ್ಲಿಂದ ನಮ್ಮೂರಿಗೆ ಎರಡು ಮೈಲಿ ನಡೆದು ಬಂದಿದ್ದರು. ಸೀರೆಯ ಅಂಚೆಲ್ಲ ಕೆಂಪು ಮಣ್ಣು. ಕ್ಲಾಸಿಗೆ ಹೋಗುವ ಮೊದಲು ನನ್ನ ಹತ್ತಿರ ಬಂದು ನೀರು ಕೇಳಿದರು. ಕುಡಿದ ಚೊಂಬನ್ನು ತಾವೇ ತೊಳೆದು ಬೋರಲು ಹಾಕಿದರು.

"ನಿಮ್ಮ ಹೆಸ್ರೇನಮ್ಮ?"

"ಚನ್ನಾಜಮ್ಮ. ಬಿಸಿಯೂಟ ಮಾಡೋಳು. ಕಸಾನೂ ನಾನೇ ಗುಡಿಸೋದು."

"ಇದೇ ಊರಾ?"

"ಮದ್ವೆಯಾಗಿ ಬಂದಿದ್ದು. ಯಜಮಾನ್ರು ಓಗಿ ಅನ್ನೆರಡು ವರ್ಸ ಆಯ್ತು. ಇನ್ಯಾವ ಊರೋಳು ಅಂತ ಏಳ್ಕಳಾನ, ಇದೇ ಊರು."

ಅವರು ನಕ್ಕರು. ಅವರದು ಯಳಂದೂರು. ಕೊಳ್ಳೇಗಾಲದಲ್ಲಿ ಒಂದು ರೂಮು ಮಾಡಿಕೊಂಡು ಒಬ್ಬರೇ ಇದ್ದರು.

ನಮ್ಮ ಶಾಲೆಯಲ್ಲಿ ಶನಿವಾರ ಬೆಳಿಗ್ಗೆ ಬರವಣಿಗೆ. ಮುಂಚಿನ ಮೇಷ್ಟ್ರು ಬೋರ್ಡಿನ ಮೇಲೆ ಹಸುವಿನ ಬಗ್ಗೆ ಹತ್ತು ಸಾಲು ಬರೆದು ಬೀಡಿ ಸೇದಲು ಹೋಗುತ್ತಿದ್ದರು. ಮಕ್ಕಳು ಅದನ್ನೇ ಇಳಿಸಿಕೊಳ್ಳುತ್ತಿದ್ದವು. ಪದ್ಮಿನಿ ಮೇಡಂ ಬೋರ್ಡನ್ನು ಒರೆಸಿ ಹಾಗೇ ಬಿಟ್ಟರು. "ಏನ್ ಬರೀಬೇಕು ಮಿಸ್?" ಎಂದು ಮಕ್ಕಳು ಗಲಾಟೆ ಎಬ್ಬಿಸಿದವು.

"ನಿಮಗೆ ಗೊತ್ತಿರಬೇಕು, ನನಗೆ ಗೊತ್ತಿರಬಾರ್ದು. ಅಂಥದ್ದು ಬರೀರಿ."

ಪ್ರತಿಯೊಂದು ಮಗುವಿನ ಪಕ್ಕದಲ್ಲೂ ನೆಲದ ಮೇಲೆ ಕೂತು ಕೇಳುತ್ತಿದ್ದರು. ಸಿಕ್ಕ ವಿಷಯವನ್ನು ಮಗುವೇ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದಿಟ್ಟುಕೊಳ್ಳಬೇಕು.

"ಮಿಸ್, ನಮ್ಮನೆ ಕೋಳಿ ಪಕ್ಕದ್ ಮನೇಲೇ ಓಗಿ ಮೊಟ್ಟೆ ಇಕ್ತದೆ."

"ಯಾಕೋ? ನನಗೆ ಗೊತ್ತಿಲ್ಲ. ಬರಿ."

"ಮಿಸ್, ಚನ್ನಾಜಜ್ಜಿ ವಾರಕ್ಕೊಂದ್ಸಲ ಸಾರ್ಗೆ ಉಪ್ಪು ಮರೀತರೆ. ಅದ ಬರೀಲಾ?"

"ಲೇ, ಬಾ ಇಲ್ಲಿ, ಉಪ್ಪ ನಿನ್ ನಾಲ್ಗೆಗೇ ಇಕ್ತೀನಿ!" ಎಂದು ನಾನು ಹೊಸ್ತಿಲಿನಿಂದಲೇ ಕೂಗಿದೆ. ಆ ಹುಡುಗ ಒಂದೂವರೆ ಪುಟ ಬರೆದ.

ಬರೆದದ್ದನ್ನು ಮನೆಗೆ ಹೋಗುವ ಮುಂಚೆ ಎದ್ದು ನಿಂತು ಓದಬೇಕು. ನಾನು ಅಕ್ಕಿಯ ಮೊರ ಇಟ್ಟುಕೊಂಡು ಹೊಸ್ತಿಲಲ್ಲಿ ಕೂತು ಕೇಳುತ್ತಿದ್ದೆ. ನನಗೆ ಅಷ್ಟಿಷ್ಟು ಅಕ್ಷರ ಕೂಡಿಸಲು ಬಂದದ್ದೂ ಆ ಹೊಸ್ತಿಲಲ್ಲೇ.

ನಾಲ್ಕನೇ ಕ್ಲಾಸಿನ ನಾಗಶ್ರೀಗೆ ಮಾತ್ರ ವಿಷಯ ಸಿಗಲಿಲ್ಲ. ಎರಡು ಶನಿವಾರ ಖಾಲಿ ಹಾಳೆ ಕೊಟ್ಟಳು. ಅವಳ ಅಪ್ಪ ಪುಟ್ಟಮಾದಪ್ಪ ಕುಂತೂರು ಫ್ಯಾಕ್ಟರಿಗೆ ಕಬ್ಬು ಹೊಡೆಯುವ ಟ್ರ್ಯಾಕ್ಟರಿನ ಡ್ರೈವರು. ಆಗ ಹೊಟ್ಟೆ ಊದಿಕೊಂಡು ಮಲಗಿದ್ದ. ಮೈಸೂರಿನ ಆಸ್ಪತ್ರೆಯವರು ಮನೆಗೆ ಕಳಿಸಿದ್ದರು. ಮೂರನೆಯ ಶನಿವಾರ ಮೇಡಂ ಅವಳ ಪಕ್ಕದಲ್ಲಿ ಬಹಳ ಹೊತ್ತು ಕೂತರು.

"ಅಪ್ಪನ ಟ್ರ್ಯಾಕ್ಟರ್ ಬಗ್ಗೆ?"

"ಅದು ಎಲ್ಲಾರ್ಗೂ ಗೊತ್ತು ಮಿಸ್."

"ನಿಮ್ಮ ಹೊಲ?"

"ಅದೂ ಗೊತ್ತು."

"ನಿಮ್ಮ ಮನೇಲಿ ಯಾರಿಗೂ ಗೊತ್ತಿಲ್ಲದ್ದು ಒಂದೂ ಇಲ್ವಾ?"

ಮಗು ತಲೆಯೆತ್ತಿ ಸೂರನ್ನು ನೋಡಿತು. "ಒಂದದೆ. ಏಳ್ಬಾರ್ದು."

"ಹೇಳ್ಬೇಡ ಹಾಗಾದ್ರೆ. ಬರಿ."

ಅವಳು ಸೂರು ನೋಡಿದ್ದರಲ್ಲೇ ನನಗೆ ಅರ್ಥವಾಯಿತು. ಮನೆಯಲ್ಲಿ ಯಾರ ಜೀವಕ್ಕಾದರೂ ಅಪಾಯ ಬಂದರೆ ನಮ್ಮಲ್ಲಿ ಹಿರಿಯರು ಅರಿಶಿನದ ಬಟ್ಟೆಯಲ್ಲಿ ನಾಣ್ಯವಿಟ್ಟು, ಬೆಟ್ಟದ ದೇವರು ಮಾದಪ್ಪನ ಹೆಸರು ಹೇಳಿ, ತೊಲೆಗೆ ಮುಡುಪು ಕಟ್ಟುತ್ತಾರೆ. ವಾಸಿಯಾದ ಮೇಲೆ ಬೆಟ್ಟಕ್ಕೆ ಒಯ್ದು ಒಪ್ಪಿಸುವ ತನಕ ಆ ಮಾತು ಮನೆಯಿಂದ ಹೊರಗೆ ಹೋಗಬಾರದು. ಹೋದರೆ ಕಟ್ಟಿದ್ದನ್ನು ನಾವೇ ಬಿಚ್ಚಿದ ಹಾಗೆ. ಯಳಂದೂರಿನ ಕಡೆಯೂ ಮುಡುಪು ಕಟ್ಟುವುದುಂಟು. ಆದರೆ ಈ ಕಟ್ಟುಪಾಡು ನಮ್ಮೂರಿನದು.

'ಬ್ಯಾಡಿ ಮೇಡಂ' ಎನ್ನುವ ಮಾತು ಗಂಟಲಿಗೆ ಬಂತು. ಅಷ್ಟರಲ್ಲಿ ಮಗುವಿನ ಪೆನ್ಸಿಲ್ಲು ಓಡತೊಡಗಿತ್ತು. ಮೇಡಂ ಅದನ್ನು ನೋಡುತ್ತ ಕೂತಿದ್ದರು, ಮುಖದ ತುಂಬ ಸಂತೋಷವಿತ್ತು. ಓದಿದವರಿಗೆ ಬುದ್ಧಿ ಹೇಳಲು ನಾನು ಯಾರು ಅಂದುಕೊಂಡೆ. ಮೊರದಲ್ಲಿ ಒಂದು ಕಲ್ಲು ಸಿಕ್ಕಿತು, ಆರಿಸಿ ಬಿಸಾಡಿದೆ.

ನಾಗಶ್ರೀ ಎದ್ದು ನಿಂತು ಓದಿದಳು. ಅಜ್ಜಿ ಮುಡುಪು ಕಟ್ಟಿದ್ದು, ಏಣಿ ಹಿಡಿದುಕೊಂಡವಳು ತಾನೇ ಎನ್ನುವುದು, ಎಲ್ಲ ಇತ್ತು. ಕೊನೆಯ ಸಾಲು ಇದು: ನಮ್ಮಪ್ಪ ವಾಸಿಯಾದ ಮೇಲೆ ನಾವೆಲ್ಲರೂ ಬೆಟ್ಟಕ್ಕೆ ನಡೆದುಕೊಂಡು ಹೋಗುತ್ತೇವೆ. ಆಮೇಲೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಮಕ್ಕಳಿಗೂ ಗೊತ್ತಾಗಿತ್ತು.

ಅವಳು ಓದಿದ ಹನ್ನೊಂದನೆಯ ದಿನ ಪುಟ್ಟಮಾದಪ್ಪ ಹೋದ. ಮೈಸೂರಿನ ಡಾಕ್ಟರು ಒಂದು ತಿಂಗಳು ಎಂದಿದ್ದರು, ಅದಕ್ಕೆ ಇನ್ನೆರಡು ದಿನ ಉಳಿದಿತ್ತು. ಬೆರಳು ಮಡಚಿ ಎಣಿಸಿದ್ದೇನೆ, ಒಂದು ಸಲವಲ್ಲ.

ತಿಥಿ ಮುಗಿಸಿ ಅವನ ತಾಯಿ ಪುಟ್ಟಗೌರಮ್ಮ ಶಾಲೆಯ ಬಾಗಿಲಿಗೆ ಬಂದಳು.

"ಏನವ್ವಾ ಮೇಷ್ಟ್ರಮ್ಮ, ನಿನ್ ಪಾಟ್ಕೆ ಬ್ಯಾರೆ ಏನೂ ಸಿಕ್ನಿಲ್ವಾ? ನನ್ ಮಗನ ಉಸ್ರೇ ಬೇಕಾಗಿತ್ತಾ?"

"ನನ್ನದು ತಪ್ಪಾಯ್ತು ಅಮ್ಮ."

"ತಪ್ಪಾದ್ರೆ ಕೆಂಪ್ ಸಾಯೀಲಿ ಗೀರು. ಎದ್ದು ಬತ್ತನೆ."

ಮೇಡಂ ತಲೆ ತಗ್ಗಿಸಿ ನಿಂತರು. ನಾನು ಅಡುಗೆಮನೆಯೊಳಗಿದ್ದೆ. ಹೊರಗೆ ಬರಲಿಲ್ಲ.

ನಾಗಶ್ರೀ ಹದಿನೈದು ದಿನದ ಮೇಲೆ ಶಾಲೆಗೆ ಬಂದಳು. ಪಾಠದ ಪ್ರಶ್ನೆಗಳಿಗೆ ಬಾಯಲ್ಲಿ ಉತ್ತರ ಹೇಳುತ್ತಿದ್ದಳು. ಶನಿವಾರ ಹಾಳೆಯ ಮೇಲೆ ತಾರೀಖು ಬರೆದು ಪೆನ್ಸಿಲ್ ಕೆಳಗಿಡುತ್ತಿದ್ದಳು. ಮೇಡಂ ವಿಷಯ ಆರಿಸುವ ರೀತಿಯೂ ಬದಲಾಯಿತು. "ಇದು ಬರೆದ್ರೆ ಮನೇಲಿ ಯಾರಿಗಾದ್ರೂ ನೋವಾಗ್ತದಾ? ಓದ್ತೀಯಾ, ಮಡಚಿ ಇಟ್ಕೋತೀಯಾ?" ಎಂದು ಮೊದಲೇ ಕೇಳುವರು. ಕೆಲವು ಮಕ್ಕಳು ಮಡಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದವು. ಎಲ್ಲರೂ ಓದಿಯಾದ ಮೇಲೆ ಮೇಡಂ ಮಕ್ಕಳನ್ನು ಮನೆಗೆ ಬಿಡದೆ ನಿಲ್ಲುವರು, ಇನ್ನೂ ಒಬ್ಬರು ಓದುವುದು ಬಾಕಿಯಿದೆ ಎನ್ನುವ ಹಾಗೆ.

ಒಂದು ಮಧ್ಯಾಹ್ನ ಮಕ್ಕಳು ಹೋದ ಮೇಲೆ ಹೇಳಿದರು: "ಖಾಲಿ ರೂಮಲ್ಲಿ ಅವಳು ಓದೋದು ಕೇಳಿಸ್ತದೆ ಚನ್ನಾಜಮ್ಮ. ಬೆಟ್ಟಕ್ಕೆ ನಡ್ಕೊಂಡು ಹೋಗ್ತೀವಿ ಅನ್ನೋ ಸಾಲಿಗೆ ಬಂದು ನಿಲ್ತದೆ."

ಕಸ ಗುಡಿಸುವಾಗ ನನಗೂ ಕೇಳಿಸುತ್ತಿತ್ತು. ಪೊರಕೆ ಎತ್ತಿಕೊಂಡು ಹೊರಗೆ ಹೋದೆ.

ಮಾರನೆಯ ವರ್ಷ ನಾಗಶ್ರೀಯ ತಾಯಿಗೆ ಜ್ವರ ಬಂತು. ಆ ವಾರ, ಅವಳು ಕೂರುವ ಜಾಗದ ಕಿಟಕಿಯ ಸರಳಿಗೆ ಒಂದು ಹಳದಿ ಗಂಟು ಕಟ್ಟಿತ್ತು. ನಾನು ಬೆರಳಿಂದ ಒತ್ತಿ ನೋಡಿದೆ. ಒಳಗಿದ್ದದ್ದು ನಾಣ್ಯವಲ್ಲ, ಪೆನ್ಸಿಲ್ ತುಂಡು. ಜ್ವರ ಬಿಟ್ಟು ತಾಯಿ ಕೂಲಿಗೂ ಹೋದಳು. ಗಂಟನ್ನು ಮಗು ಬಿಚ್ಚಲಿಲ್ಲ, ಯಾರೊಡನೆಯೂ ಅದರ ಮಾತಾಡಲಿಲ್ಲ. ಈಗಲೂ ಅದು ಅಲ್ಲೇ ಇದೆ. ಬಣ್ಣ ಹೋಗಿದೆ.

ಮೇಡಂಗೆ ವರ್ಗವಾದದ್ದು ಅದೇ ವರ್ಷ. ಕೊನೆಯ ಶನಿವಾರ ಮಕ್ಕಳೆಲ್ಲ ಹೋದ ಮೇಲೆ, ಬ್ಯಾಗು ಹೆಗಲಿಗೆ ಹಾಕಿಕೊಂಡೇ ಆ ಕಿಟಕಿಯ ಹತ್ತಿರ ಹೋದರು. ನಾನು ಹೊಸ್ತಿಲಲ್ಲಿದ್ದೆ.

"ಇದರೊಳಗೆ ಪೆನ್ಸಿಲ್ ಇದೆ ಅಲ್ವಾ? ಬಿಚ್ಚಿ ಅವಳ ಮನೆಗೇ ಹೋಗಿ ಕೈಗೆ ಕೊಡ್ತೀನಿ. ನಾನು ಹೋದ್ಮೇಲಾದ್ರೂ ಬರೀಲಿ."

ಅವರ ಬೆರಳು ಗಂಟಿನ ಮೇಲಿತ್ತು. ನಾನು ಮೊರ ಬಿಸುಟು ಓಡಿ ಹೋಗಿ ಕೈ ಹಿಡಿದುಕೊಂಡೆ.

"ಮುಟ್ಬ್ಯಾಡಿ ಮೇಡಂ! ಕಟ್ಟಿದ್ ಕೈಯೇ ಬಿಚ್ಬೇಕು. ಅದ್ರ ಮಾತೂ ಎತ್ಬಾರ್ದು. ನಮ್ಮೂರ ಕೂಸ್ಗೂ ಗೊತ್ತು ಅದು."

ಅವರು ಕೈ ಹಿಂದಕ್ಕೆ ತೆಗೆದುಕೊಂಡರು. ನನ್ನ ಮುಖ ನೋಡಿದರು. ಆಮೇಲೆ ಹೊಸ್ತಿಲು ನೋಡಿದರು, ಅಕ್ಕಿ ಚೆಲ್ಲಿದ್ದ ಜಾಗವನ್ನು. ಆಗ ನನ್ನನ್ನು ಒಂದು ಮಾತು ಕೇಳಿದರು, ಅದೇ ಕೊನೆಯದು. ಕೇಳಿ, ಉತ್ತರಕ್ಕೆ ಕಾದು, ಬಂಡಳ್ಳಿಯ ದಾರಿ ಹಿಡಿದರು. ಮತ್ತೆ ಬರಲಿಲ್ಲ.

"ಅವತ್ತು ನೀವು ಅಲ್ಲೇ ಕೂತಿದ್ರಲ್ಲ ಚನ್ನಾಜಮ್ಮ. ನಾನು ಅವಳಿಗೆ ಬರಿ ಅಂದಾಗ, ನಿಮಗೆ ಗೊತ್ತಿತ್ತಾ?"