ತಂತಿಯಕ್ಕನ ಕಾಲುವೆ ಪುಟ

ಗೆರೆ ನಡುಗುತ್ತಿರಲಿಲ್ಲ.

ಕನ್ನಡಕದ ಅಂಗಡಿಯ ಹಿಂಗೋಣೆಯಲ್ಲಿ ಗಾಜು ಉಜ್ಜುವ ಯಂತ್ರವನ್ನು ನಿಲ್ಲಿಸಿ, ಒದ್ದೆ ಬೆರಳನ್ನು ಒರೆಸಿಕೊಂಡು ಮೊಬೈಲು ತೆರೆದವಳು ಅದನ್ನೇ ದಿಟ್ಟಿಸಿದಳು. ಹೊರಗೆ ಬೆಳಗಿನಿಂದ ಮಳೆ ಬಿಟ್ಟೂಬಿಡದೆ ಹೊಡೆಯುತ್ತಿತ್ತು. ಅಂಗಡಿಯ ಮುಂದಿನ ಚರಂಡಿ ಆಗಲೇ ಉಕ್ಕಿ ರಸ್ತೆಗೆ ಹತ್ತಿತ್ತು. ಅವಳ ಜಾಲತಾಣದ ಪುಟದಲ್ಲಿ ಮಾತ್ರ ಕಾಲುವೆಯ ನೀರು ನಿಶ್ಚಿಂತೆಯಿಂದ ಏರಿ ಇಳಿದು, ಮತ್ತೆ ಏರಿ ಇಳಿದು, ಹಸಿರು ಬಣ್ಣದ ನುಣುಪಾದ ಅಲೆಯೊಂದನ್ನು ಬರೆಯುತ್ತಿತ್ತು. ನಿಜವಾದ ನೀರಿನ ಗೆರೆ ಹಾಗಿರುವುದಿಲ್ಲ. ಅದು ಮುದುಕರ ಕೈಬರಹದಂತೆ ಕಂಪಿಸುತ್ತದೆ. ಕಸ ತೇಲಿ ಬಂದರೆ ಜಿಗಿಯುತ್ತದೆ, ಗಾಳಿ ಬೀಸಿದರೆ ಮುಗ್ಗರಿಸುತ್ತದೆ. ಈ ಅಲೆಯನ್ನು ಬರೆದದ್ದು ನೀರಲ್ಲ, ಅವಳೇ.

ಕಾಲುವೆಯ ಆಚೆ ದಡದ ನೆಲಮಾಳಿಗೆಯಲ್ಲಿ ತಮ್ಮನಿದ್ದ. ಆ ಹಸಿರನ್ನೇ ನಂಬಿಕೊಂಡು ಕೂತಿದ್ದ.

ಬೀದಿಯವರೆಲ್ಲ ಅವಳನ್ನು ತಂತಿಯಕ್ಕ ಎಂದೇ ಕರೆಯುತ್ತಿದ್ದರು. ಕೈಚೀಲ ತೆರೆದರೆ ಬಾಚಣಿಗೆಗಿಂತ ಮೊದಲು ತಂತಿಯ ಸುರುಳಿ ಹೊರಬೀಳುತ್ತಿದ್ದುದರಿಂದ ಅಂಟಿದ ಹೆಸರು. ಮೊದಮೊದಲು ಮುನಿಸಿಕೊಂಡಳು, ಆಮೇಲೆ ಅದನ್ನೇ ತನ್ನ ಮೊದಲ ಜಾಲತಾಣದ ತಲೆಬರಹ ಮಾಡಿಕೊಂಡಳು. ಆ ತಾಣವನ್ನು ಸಿದ್ಧ ಅಚ್ಚಿನಲ್ಲಿ ಎರಕ ಹೊಯ್ದಿರಲಿಲ್ಲ. ಒಂದೊಂದು ಸಾಲನ್ನೂ ಕೈಯಾರೆ ಬರೆದು, ಕೆಡಿಸಿ, ಮತ್ತೆ ಬರೆದು ಕಟ್ಟಿದ್ದಳು. ಮೊದಲ ಪುಟದಲ್ಲಿ ನಕ್ಷತ್ರಗಳು ಮಿನುಗುತ್ತಿದ್ದವು, ಅಡಿಯಲ್ಲಿ ಭೇಟಿಕೊಟ್ಟವರ ಸಂಖ್ಯೆ ಏರುತ್ತಿತ್ತು. ಆ ಸಂಖ್ಯೆ ಕಂಡು ಹಿಗ್ಗಿ ಹೀರೇಕಾಯಿಯಾಗಿದ್ದವಳಿಗೆ, ಬಂದವರಲ್ಲಿ ಮುಕ್ಕಾಲು ಪಾಲು ತಾನೇ ಎಂದು ಗೊತ್ತಾದ ದಿನ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೂ ಬಿಡಲಿಲ್ಲ. ರಿಪೇರಿಗೆ ಕೊಟ್ಟು ಮರೆತುಹೋದವರ ಕನ್ನಡಕಗಳಿಗೊಂದು ಪುಟ ಮಾಡಿದಳು. ಪ್ರತಿ ಕನ್ನಡಕದ ಚಿತ್ರದ ಕೆಳಗೆ 'ನಿಮಗಿನ್ನೂ ಕಾಣಿಸುತ್ತಿದೆಯೆ?' ಎಂದು ಬರೆದಳು. ಬಸ್ ನಿಲ್ದಾಣಗಳ ಮುರಿದ ಬೆಂಚುಗಳಿಗೊಂದು ಪುಟ. ತಾನು ವಾಸವಿದ್ದ ಕಟ್ಟಡದ ಲಿಫ್ಟಿನ ಮರ್ಜಿಗೊಂದು ಪುಟ. ಇವೆಲ್ಲ ನಡೆಯುತ್ತಿದ್ದುದು ಯಾವುದೋ ಕಚೇರಿಯವರು ಎಸೆದ ಹಳೆಯ ಕಂಪ್ಯೂಟರಿನಿಂದ. ಮನೆಯ ಬೀರುವಿನ ಮೇಲೆ ಹಗಲಿರುಳು ಗುಂಯ್‌ಗುಡುತ್ತಿದ್ದ ಅದನ್ನು ಅತ್ತೆ 'ನಿನ್ನ ಸವತಿ' ಎನ್ನುತ್ತಿದ್ದರು. ಲಾರಿ ಓಡಿಸುವ ಮಗ ಮನೆಗೆ ಬರುವುದೇ ಅಪರೂಪವಾದ್ದರಿಂದ, ಸವತಿಯ ಜೊತೆ ಏಗುವುದು ಅತ್ತೆ ಸೊಸೆ ಇಬ್ಬರ ಪಾಲಿಗೇ ಬಿದ್ದಿತ್ತು.

ಆಟವಾಗಿದ್ದ ಈ ಕೆಲಸ ಆಟವಲ್ಲವಾದದ್ದು ಕಾಲುವೆಯ ದೆಸೆಯಿಂದ. ತಮ್ಮ ಪುಸ್ತಕ ಕಟ್ಟುವವನು. ಅವನ ಅಂಗಡಿ ಕಾಲುವೆಯ ಪಕ್ಕದ ಸಾಲಿನಲ್ಲಿ, ರಸ್ತೆಯಿಂದ ಕೆಳಗಿಳಿದು ಹೋಗಬೇಕಾದ ಕಿಟಕಿಯಿಲ್ಲದ ಕೋಣೆ. ಅಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ. ಕಾಗದ ಕತ್ತರಿಸುವ ಯಂತ್ರದ ಸದ್ದಿನಲ್ಲಿ ಮಳೆಯೂ ಕೇಳಿಸದು. ಮೊದಲೆಲ್ಲ ಮೋಡ ಕವಿದ ದಿನ ಅವನು ಗಳಿಗೆಗೊಮ್ಮೆ ಮೆಟ್ಟಿಲು ಹತ್ತಿ ಕಾಲುವೆಯನ್ನು ನೋಡಿ ಬರುತ್ತಿದ್ದ. ಒಮ್ಮೆ ನೋಡುವುದು ತಡವಾಗಿ, ಮೊಣಕಾಲುದ್ದ ನೀರಿನಲ್ಲಿ ತಡಕಾಡಿ ಹೊರಬಂದಿದ್ದ. ಅದನ್ನು ಕೇಳಿದ ಮೇಲೆ ಅಕ್ಕ ಸುಮ್ಮನಿರಲಿಲ್ಲ. ಸೇತುವೆಯ ಅಡಿಯ ಕೊಳವೆಗೆ ಒಂದು ಡಬ್ಬಿ ಕಟ್ಟಿದಳು. ನೀರಿನತ್ತ ಸದ್ದು ಕಳಿಸಿ, ಅದು ಮರಳುವ ಹೊತ್ತಿನಿಂದ ಆಳ ಅಳೆದು ಮನೆಯ ಕಂಪ್ಯೂಟರಿಗೆ ತಿಳಿಸುವ ಡಬ್ಬಿ. ಪಾಲಿಕೆಯವರನ್ನು ಅವಳು ಕೇಳಲಿಲ್ಲ, ಅವರೂ ಕೇಳಲಿಲ್ಲ. ತಮ್ಮನ ಗೋಡೆಗೊಂದು ಹಳೆಯ ಟ್ಯಾಬ್ಲೆಟ್ ತೂಗುಹಾಕಿ, ಮೇಲಿನಿಂದ ಇಂಟರ್‌ನೆಟ್ಟಿನ ತಂತಿ ಎಳೆದು ತಂದು ಕಾಲುವೆ ಪುಟವನ್ನು ಅದರಲ್ಲಿ ತೆರೆದಿಟ್ಟಳು. ಹಸಿರಿದ್ದರೆ ಕೆಲಸ, ಹಳದಿಯಾದರೆ ಎಚ್ಚರ, ಕೆಂಪಾದರೆ ಗಂಟೆ. ಮನೆಯ ಯಂತ್ರದಿಂದ ಸುದ್ದಿಯೇ ಬರದಿದ್ದರೂ ಗಂಟೆ.

"ಸುದ್ದಿ ಬರಲಿಲ್ಲ ಅಂದ್ರೆ ಕೆಟ್ಟ ಸುದ್ದಿ ಅಂತಲೇ ತಿಳ್ಕೋ," ಎಂದಿದ್ದಳು. "ಇನ್ಮೇಲೆ ಮೆಟ್ಟಿಲು ಹತ್ತಿಳಿಯೋ ಕೆಲಸ ನಿನಗಿಲ್ಲ."

ಅವನು ಹತ್ತುವುದನ್ನು ಬಿಟ್ಟ. ಕ್ರಮೇಣ ಸಾಲಿನ ಇತರರೂ ಆ ಪುಟವನ್ನು ನೋಡತೊಡಗಿದರು.

ಎಡವಟ್ಟಾದದ್ದು ಭಾನುವಾರ. ಅತ್ತೆಯ ತಂಗಿ ಮನೆಗೆ ಬಂದಿದ್ದರು. ಸೊಸೆಯ ಎದುರು ಯಂತ್ರವನ್ನು ಹಳಿಯುವ ಅತ್ತೆ, ತಂಗಿಯ ಎದುರು ಅದೇ ಯಂತ್ರದ ಗುಣಗಾನ ಮಾಡಿ, "ಇಡೀ ಕಾಲುವೇನೇ ಮನೇಲಿ ಕೂತು ನೋಡ್ತಾಳೆ ಕಣೇ" ಎಂದು ಪುಟವನ್ನು ತೆಗೆಸಿದರು. ಆ ದಿನ ಕಾಲುವೆಯಲ್ಲಿ ಅಂಗಾಲು ನೆನೆಯುವಷ್ಟೂ ನೀರಿರಲಿಲ್ಲ. "ಇದೇನೇ, ಆಸ್ಪತ್ರೇಲಿ ಜೀವ ಹೋದವರ ಗೆರೆ ಥರ ನೆಟ್ಟಗೆ ಮಲಗಿದೆ!" ಎಂದು ತಂಗಿ ನಕ್ಕರು. ಅತ್ತೆಯ ಮುಖ ಸಣ್ಣದಾಯಿತು. ಅದನ್ನು ನೋಡಲಾರದೆ ತಂತಿಯಕ್ಕ ಒಳಗೆ ಹೋಗಿ, ಡಬ್ಬಿಯ ಲೆಕ್ಕವನ್ನು ಬದಿಗೆ ಸರಿಸಿ, ಪುಟಕ್ಕೊಂದು ಕೃತಕ ಅಲೆಯನ್ನು ಬರೆದುಕೊಟ್ಟಳು. ಗೆರೆ ಎದ್ದು ಕುಣಿಯಿತು. ಇಬ್ಬರೂ ಹಿರಿಯರು ಬೆರಗಾದರು. ಆಮೇಲೆ ಅತಿಥಿಯನ್ನು ಬಸ್ಸಿಗೆ ಹತ್ತಿಸುವ ಗಡಿಬಿಡಿಯಲ್ಲಿ ಅಲೆಯನ್ನು ತೆಗೆಯಬೇಕೆಂಬುದೇ ಮರೆತುಹೋಯಿತು.

ಈಗ ಎಲ್ಲಿಂದಲೋ ಕೈಚಾಚಿ ಅದನ್ನು ಸರಿಪಡಿಸುವಂತಿರಲಿಲ್ಲ. ಯಾರೋ ಅಪರಿಚಿತರು ಹೊರಗಿನಿಂದ ಯಂತ್ರದೊಳಕ್ಕೆ ನುಸುಳಲು ನೋಡಿದಾಗಿನಿಂದ, ಮನೆಯೊಳಗೆ ಕೂತವರ ಹೊರತು ಬೇರಾರೂ ಮುಟ್ಟದಂತೆ ಬೀಗ ಬಿಗಿದಿದ್ದಳು. ಆ ಬೇರಾರೂ ಎಂಬುದರಲ್ಲಿ ಈಗ ತಾನೂ ಸೇರಿದ್ದಳು.

"ಏನಮ್ಮಾ, ಯಂತ್ರ ನಿಂತೇಹೋಯ್ತಲ್ಲ?" ಅಂಗಡಿಯ ಯಜಮಾನರು ಪರದೆ ಸರಿಸಿ ಇಣುಕಿದರು.

"ನಾನು ಹೊರಟೆ ಸಾರ್."

"ಈ ಮಳೇಲಾ? ಮೇಷ್ಟ್ರ ಕನ್ನಡಕ?"

"ಈ ಮಳೇಲಿ ಮೇಷ್ಟ್ರಿಗೆ ನೋಡೋಕೇನಿದೆ ಸಾರ್, ನಾಳೆ ಕೊಡೋಣ," ಎನ್ನುತ್ತಲೇ ಅವಳು ಮೆಟ್ಟಿಲಿಳಿದಾಗಿತ್ತು.

ತಮ್ಮನ ಮೊಬೈಲು ಎಂದಿನಂತೆ ಸಂಪರ್ಕದಿಂದ ಹೊರಗಿತ್ತು. ಅವನ ಮೇಲಿನ ಅಂಗಡಿಗಳಿಗೆ ಅಂದು ವಾರದ ರಜೆ. ಬಸ್ಸುಗಳು ನೀರಿನಲ್ಲಿ ಸಾಲುಗಟ್ಟಿ ನಿಂತಿದ್ದವು. ನಡೆದು ಸೇತುವೆ ಮುಟ್ಟುವುದಕ್ಕೆ ಎಷ್ಟು ಹೊತ್ತಾದೀತೋ, ಅಷ್ಟರಲ್ಲಿ ನೀರು ಎಲ್ಲಿರುತ್ತದೋ. ಪಾದ ಮುಳುಗುವ ನೀರಿನಲ್ಲಿ ದಾಪುಗಾಲು ಹಾಕುತ್ತ ಯೋಚಿಸುತ್ತಿದ್ದವಳಿಗೆ ಥಟ್ಟನೆ ಹೊಳೆಯಿತು: ತಮ್ಮನನ್ನು ಮುಟ್ಟಬಲ್ಲದ್ದು ಒಂದೇ, ಆ ಪುಟ. ಅದನ್ನು ತಿದ್ದಲಾಗದು. ಕೊಲ್ಲಬಹುದು. ಮನೆಗೆ ಫೋನು ಮಾಡಿದಳು.

"ಅತ್ತೆ, ಬೀರು ಮೇಲಿರೋ ಯಂತ್ರದ ಪ್ಲಗ್ ಕಿತ್ತುಬಿಡಿ."

"ಯಾರು ಮಾತಾಡೋದು?"

"ನಾನೇ ಅತ್ತೆ, ನಿಮ್ಮ ಸೊಸೆ."

"ನನ್ನ ಸೊಸೆ ಹಾಗನ್ನೋಳಲ್ಲ. ಅದರ ಧೂಳು ಒರೆಸಿದ್ದಕ್ಕೇ ಮುಖ ಊದಿಸ್ಕೊಂಡು ಕೂತಿದ್ಳು."

"ಅತ್ತೆ, ತಮಾಷೆಗೆ ಹೊತ್ತಿಲ್ಲ. ತಮ್ಮ ನೆಲಮಾಳಿಗೇಲಿದಾನೆ, ಕಾಲುವೆ ತುಂಬ್ತಿದೆ. ಯಂತ್ರ ನಿಂತ್ರೆ ಅಲ್ಲಿ ಗಂಟೆ ಹೊಡೆಯತ್ತೆ. ನಿಮ್ಮ ಕಾಲಿಗೆ ಬೀಳ್ತೀನಿ, ಕೀಳಿ."

ಅತ್ತೆಯ ದನಿಯಿಂದ ಕೊಂಕು ಮಾಯವಾಯಿತು. "ಇರು, ಸ್ಟೂಲ್ ಎಳ್ಕೋತೀನಿ." ನೆಲದ ಮೇಲೆ ಕಬ್ಬಿಣ ಉಜ್ಜಿದ ಸದ್ದು, ಏದುಸಿರು. "ಹೂಂ, ಕಿತ್ತೆ."

ಅವಳು ಅಂಗಡಿಯೊಂದರ ಚಾವಣಿಯಡಿ ನಿಂತು ಪುಟವನ್ನು ತೆರೆದಳು. ಹಸಿರು ಅಲೆ ಏನೂ ಆಗಿಲ್ಲವೆಂಬಂತೆ ಏರಿ ಇಳಿಯುತ್ತಿತ್ತು.

"ನಿಜವಾಗ್ಲೂ ಕಿತ್ತಿರಾ?"

"ಕೈಯಲ್ಲೇ ಹಿಡ್ಕೊಂಡಿದೀನಿ ಕಣೇ! ಆದ್ರೆ ನಿನ್ನ ಸವತಿ ಕೀ ಕೀ ಅಂತ ಬಾಯಿ ಬಡ್ಕೋತಿದಾಳೆ."

ಯುಪಿಎಸ್! ಕರೆಂಟು ಹೋದರೂ ಪುಟ ಸಾಯಬಾರದೆಂದು ತಾನೇ ಜೋಡಿಸಿದ್ದ ಬ್ಯಾಟರಿಯ ಡಬ್ಬ. ತಾನು ಹೆಮ್ಮೆಪಟ್ಟು ಮಾಡಿದ ಒಂದೊಂದು ಭದ್ರತೆಯೂ ಈಗ ತನ್ನ ತಮ್ಮನ ಬಾಗಿಲಿಗೆ ಅಡ್ಡ ನಿಂತಂತೆ ಅವಳಿಗೆ ಕಂಡಿತು.

"ಅದರ ಹಿಂದೆ ಒಂದು ಕರಿ ಡಬ್ಬ ಇದೆ ನೋಡಿ, ಇಟ್ಟಿಗೆ ಥರ..."

"ಇಲ್ಲಿರೋದೆಲ್ಲಾ ಕರೀದೇ! ಹಾವಿನ ಹುತ್ತ ಮಾಡಿಟ್ಟಿದೀಯಲ್ಲೇ."

"ಹಾಗಾದ್ರೆ ಎಲ್ಲಾನೂ ಕೀಳಿ."

"ಎಲ್ಲಾನೂ?"

"ಎಲ್ಲಾನೂ ಅತ್ತೆ. ಒಂದು ತಂತೀನೂ ಬಿಡಬೇಡಿ."

"ಆಮೇಲೆ ನನ್ನ ತಲೆಗೆ ಕಟ್ಬೇಡ, ಹೇಳಿದೀನಿ," ಎಂದವರೇ ಕೈಹಾಕಿರಬೇಕು. ಪಟಪಟನೆ ಏನೇನೋ ಕಿತ್ತುಬಂದ ಸದ್ದು, ಭಾರವಾದದ್ದೊಂದು ಬೀರುವಿನಿಂದ ಉರುಳಿ ದಡ್ಡನೆ ಬಿತ್ತು, "ಅಯ್ಯೋ!" ಎಂಬ ಕೂಗು.

"ನಿಮಗೇನಾದ್ರೂ ಆಯ್ತಾ?"

"ನನಗೇನಿಲ್ಲ. ಅವಳು ಬಿದ್ಳು."

ಪುಟ ಸತ್ತಿತ್ತು. ಎಷ್ಟೋ ವರ್ಷ ಒಂದು ದಿನವೂ ಕಣ್ಣು ಮುಚ್ಚದಂತೆ ಕಾಪಾಡಿಕೊಂಡು ಬಂದದ್ದು, ಬಿಳಿಯ ಪರದೆಯ ಮೇಲೆ 'ತಾಣ ಸಿಗುತ್ತಿಲ್ಲ' ಎಂಬ ಒಂದು ಸಾಲಾಗಿತ್ತು. ಅವಳು ಮತ್ತೆ ಮಳೆಗಿಳಿದು ಓಡಿದಳು. ಗಂಟೆ ತಕ್ಷಣ ಹೊಡೆಯುವುದಿಲ್ಲ. ಸುಮ್ಮಸುಮ್ಮನೆ ಬಡಿದುಕೊಳ್ಳಬಾರದೆಂದು, ಹಲವು ಸಲ ಕೇಳಿಯೂ ಉತ್ತರ ಬಾರದಿದ್ದರೆ ಮಾತ್ರ ಹೊಡೆ ಎಂದು ಅದಕ್ಕೆ ಕಲಿಸಿದವಳೂ ಅವಳೇ. ಟ್ಯಾಬ್ಲೆಟ್ ಈಗ ಮೊದಲ ಸಲ ಕೇಳುತ್ತಿರಬಹುದು. ಈಗ ಎರಡನೆಯ ಸಲ. ಗಂಟೆ ಕೇಳಿಸಿದರೂ ತಮ್ಮ ಅಂಟಿನ ಕೈಯಲ್ಲಿ ಅದರ ಕತ್ತು ಹಿಸುಕಿ ಕೆಲಸ ಮುಂದುವರಿಸಿದರೆ?

ಸೇತುವೆಯ ಮೇಲೆ ಜನ ಗುಂಪುಗೂಡಿದ್ದರು. ಕಂದು ನೀರು ಸೇತುವೆಯ ಹೊಟ್ಟೆಗೆ ತಾಗುವಂತೆ ನುಗ್ಗುತ್ತಿತ್ತು. ಕೊಳವೆಗೆ ಕಟ್ಟಿದ ಡಬ್ಬಿ ಇನ್ನೂ ಅಲ್ಲೇ ಇತ್ತು. ನಾಲ್ಕು ದಿನದಿಂದ ಅದು ನಿಜವನ್ನೇ ಹೇಳುತ್ತಿದ್ದಿರಬೇಕು, ಅದರ ಬಾಯಿ ಮುಚ್ಚಿಸಿದ್ದವಳು ಇವಳು.

ಮೊಬೈಲು ಅದುರಿತು. ತಮ್ಮ.

"ಏನಕ್ಕಾ ಇದು, ನಿನ್ನ ಪೆಟ್ಟಿಗೆ ಕಿವಿ ಕಿತ್ತುಹೋಗೋ ಹಾಗೆ ಹೊಡ್ಕೋತಿದೆ. ಕೆಟ್ಟುಹೋಯ್ತಾ?"

"ಎಲ್ಲಿದೀಯ ನೀನು?"

"ಮೆಟ್ಟಿಲ ಮೇಲೆ, ಸಿಗ್ನಲ್‌ಗೆ ಅಂತ..." ಮಾತು ತುಂಡಾಯಿತು. "ಅಕ್ಕಾ, ನೀರು ಗೇಟಿನ ಹತ್ರ ಬಂದಿದೆ."

"ಮೇಲೇ ಇರು. ಕೆಳಗಿಳೀಬೇಡ."

"ಲೈಬ್ರರಿ ಪುಸ್ತಕ ಕೆಳಗಿವೆ. ಹೊಲಿಗೆ ಎಲ್ಲಾ ಮುಗಿಸಿದೀನಿ, ರಟ್ಟು ಹಾಕೋದೊಂದೇ ಬಾಕಿ. ಎರಡು ಸಲ ಹತ್ತಿಳಿದ್ರೆ ಎಲ್ಲಾ ಮೇಲೆ ಬರ್ತವೆ."

"ಬೇಡ ಅಂದ್ನಲ್ಲ!"

"ಗಂಟೆ ಹೊಡೆಯೋ ಮುಂಚೆ ನೋಡಿದೀನಿ, ಹಸಿರೇ ಇತ್ತು. ಹಸಿರು ಹೋಗಿ ಕೆಂಪಾಗೋಕೆ ಮುಕ್ಕಾಲು ಗಂಟೆ ಬೇಕು ಅಂತ ನೀನೇ ಹೇಳಿದೀಯ. ಗಾಬರಿ ಬೀಳ್ಬೇಡ, ಟೈಮಿದೆ."

ಅವನ ಚಪ್ಪಲಿ ಮೆಟ್ಟಿಲಿಳಿಯತೊಡಗಿದ ಸದ್ದು ಕೇಳಿಸಿತು. ಯಂತ್ರ ಕೆಟ್ಟಿತ್ತು ಎನ್ನಬಹುದಿತ್ತು. ಆದರೆ ಕೆಟ್ಟರೆ ಗಂಟೆ ಹೊಡೆಯುತ್ತದೆ, ಹಸಿರು ತೋರಿಸುವುದಿಲ್ಲ ಎಂದು ಅವನಿಗೆ ಪಾಠ ಮಾಡಿದವಳು ತಾನೇ. ಅಕ್ಕನ ಹಸಿರನ್ನು ಅವನು ಕಣ್ಣೆದುರಿನ ನೀರಿಗಿಂತ ಹೆಚ್ಚು ನಂಬಿದ್ದ.

"ಅದು ನೀರಲ್ಲ ಕಣೋ!" ಸೇತುವೆಯ ಜನ ತಿರುಗಿ ನೋಡುವಂತೆ ಕೂಗಿದಳು. "ಅದು ನಾನು ಬರೆದ ಸುಳ್ಳು ಗೆರೆ. ಭಾನುವಾರ ನೆಂಟರಿಗೆ ಚೆಂದ ಕಾಣ್ಲಿ ಅಂತ ಹಾಕಿ, ತೆಗೆಯೋದು ಮರೆತೆ. ಟೈಮ್ ಎಷ್ಟಿದೆ ಅಂತ ನನಗೂ ಗೊತ್ತಿಲ್ಲ. ಹತ್ತು, ಮೇಲೆ ಹತ್ತು!"

ಚಪ್ಪಲಿಯ ಸದ್ದು ನಿಂತಿತು. ಮರುಗಳಿಗೆಗೆ ಅದು ದಡದಡನೆ ಮೇಲಕ್ಕೆ ಹತ್ತಿತು. ಆಮೇಲೆ ಕಬ್ಬಿಣದ ಗೇಟು ಗೋಡೆಗೆ ಬಡಿದ ಸದ್ದು, ಅದರ ಹಿಂದೆಯೇ, ತೊಟ್ಟಿಯೊಂದನ್ನು ಬೋರಲು ಹಾಕಿದಂತೆ, ನೀರು ಧುಮುಕುವ ಮೊರೆತ.

"ಏಯ್! ಇದೀಯೇನೋ? ಮಾತಾಡೋ!"

"ಇದೀನಿ," ಎಂದ ತಮ್ಮ. "ಗೇಟಿನ ಕಂಬ ಹಿಡ್ಕೊಂಡಿದೀನಿ. ಕೆಳಗೆ ತುಂಬ್ತಾ ಇದೆ."

ಅವಳು ತಲುಪಿದಾಗ ಅವನು ಮೇಲಿನ ಅಂಗಡಿಯ ಜಗಲಿಯ ಮೇಲೆ ನಿಂತಿದ್ದ. ಬೆರಳುಗಳಲ್ಲಿ ಅಂಟು ಇನ್ನೂ ಬಿಳಿಯಾಗಿತ್ತು. ಮೆಟ್ಟಿಲುಗಳಿದ್ದ ಜಾಗದಲ್ಲಿ ಕಂದು ನೀರು ಸುಳಿ ತಿರುಗುತ್ತಿತ್ತು. ಹೊಲಿದಿಟ್ಟ ಪುಸ್ತಕವೊಂದು ಮೇಲೆದ್ದು, ಹಾಳೆ ಬಿಚ್ಚಿ, ಮತ್ತೆ ಮುಳುಗಿತು. ಬೈಗುಳಕ್ಕೆ ಎದೆಗೊಟ್ಟು ಅವಳು ಎದುರು ನಿಂತಳು. ಅವನು ಬೈಯಲಿಲ್ಲ.

"ಇಳೀತಿದ್ದೆ," ಎಂದ. "ನೀನು ಹೇಳ್ದೇ ಇದ್ದಿದ್ರೆ ಆಗಲೇ ಕೆಳಗಿರ್ತಿದ್ದೆ."

"ಗೊತ್ತು."

"ಇನ್ನೂ ಯಾರ್‍ಯಾರು ನೋಡ್ತಾರೆ ಆ ಪುಟಾನ?"

ಅವಳು ಸಾಲಿನುದ್ದಕ್ಕೂ ಕಣ್ಣಾಡಿಸಿದಳು. ತಮ್ಮನ ಚಿಂತೆಯಲ್ಲಿ ಅದನ್ನು ನೆನೆದೇ ಇರಲಿಲ್ಲ. ಆ ಸಾಲಿನಲ್ಲಿ ಕಾಲುವೆಯತ್ತಣ ಮೊದಲ ಕಟ್ಟಡ ತಮ್ಮನದು. ನೀರು ಉಳಿದವರ ಬಾಗಿಲಿಗೆ ಇನ್ನು ಹೋಗಬೇಕಿತ್ತು. ಇಬ್ಬರೂ ಹೊರಟರು.

ನೆಲದಡಿಯ ಪಾರ್ಕಿಂಗ್ ಕಾಯುವವನು ಕುರ್ಚಿಯಲ್ಲಿ ಕೂತು ಮೊಬೈಲನ್ನು ಅಂಗೈಗೆ ಬಡಿಯುತ್ತಿದ್ದ. "ಬಂದೆಯಾ ತಂತಿಯಕ್ಕ! ನಿನ್ನ ಪುಟ ಈಗ ತೆಗೀತಾನೇ ಇಲ್ಲ. ಇಷ್ಟು ಹೊತ್ತು ಹಸಿರಿತ್ತು."

"ಆ ಹಸಿರು ಸುಳ್ಳು. ತಪ್ಪು ನಂದೇ. ನೀರು ಬರ್ತಿದೆ, ಒಳಗಿರೋರನ್ನ ಹೊರಡಿಸು."

"ಸುಳ್ಳು ಅಂದ್ರೆ? ಬೆಳಿಗ್ಗೆಯಿಂದ ಅದನ್ನೇ ನೋಡ್ಕೊಂಡು ಕೂತಿದೀನಲ್ಲಮ್ಮ ನಾನು!" ಅವನು ಮೊಬೈಲನ್ನು ಕುರ್ಚಿಗೆ ಎಸೆದು ಎದ್ದ. ಶೀಟಿಯನ್ನು ಬಾಯಿಗಿಟ್ಟು ಇಳಿಜಾರಿನಲ್ಲಿ ಓಡಿದ.

ಕೊನೆಯದು ಬಟ್ಟೆ ಒಗೆಯುವ ಅಂಗಡಿ, ಅದೂ ನೆಲಮಾಳಿಗೆಯೇ. ಅದರ ಒಡತಿ ಹಬೆಯ ನಡುವೆ ಇಸ್ತ್ರಿ ಮಾಡುತ್ತಿದ್ದಳು. ತಂತಿಯಕ್ಕ ಮೆಟ್ಟಿಲ ತಲೆಯಲ್ಲಿ ನಿಂತು, ನಾಲಗೆಗೆ ಈಗಾಗಲೇ ಕಹಿಯಾಗಿದ್ದ ಮಾತನ್ನು ಮತ್ತೆ ಹೇಳಿದಳು: "ನನ್ನ ಪುಟ ನಂಬಬೇಡಿ, ಅದು ಸುಳ್ಳು ಹೇಳ್ತಿತ್ತು. ನೀರು ಬರ್ತಿದೆ."

"ಯಾವ ಪುಟ?" ಒಡತಿ ತಲೆಯೆತ್ತಿದಳು. "ನನಗೆ ಪುಟಗಿಟ ಎಲ್ಲಾ ತಿಳಿಯಲ್ಲಮ್ಮ. ನಿನ್ನ ತಮ್ಮ ಬಂದು ಕೂಗಿದ್ರೆ ನಾನು ಗಂಟು ಕಟ್ಟೋದು. ಅವನು ಕೂಗ್ಲಿಲ್ಲ, ನಾನೂ ಕಟ್ಲಿಲ್ಲ."

ಅಕ್ಕ ತಮ್ಮ ಒಬ್ಬರ ಮುಖವನ್ನೊಬ್ಬರು ನೋಡಿದರು. ಅವಳ ಒಂದು ಗೆರೆಯನ್ನು ನಂಬಿದವನನ್ನು ನಂಬಿ, ಆ ಗೆರೆಯನ್ನು ಎಂದೂ ಕಾಣದವಳೊಬ್ಬಳು ಇಷ್ಟು ಹೊತ್ತೂ ನೆಲದಡಿಯಲ್ಲಿ ನಿಶ್ಚಿಂತೆಯಾಗಿದ್ದಳು.

"ನೋಡಿ, ನಾನು..." ಎಂದು ತಂತಿಯಕ್ಕ ಶುರುಮಾಡಿದಳು.

"ಕಥೆ ಆಮೇಲೆ," ಎನ್ನುತ್ತ ಒಡತಿ ಇಸ್ತ್ರಿಪೆಟ್ಟಿಗೆಯ ಸ್ವಿಚ್ ಆರಿಸಿ, ಮೇಜಿನ ಮೇಲಿದ್ದ ಬಟ್ಟೆಯ ಗಂಟನ್ನೆತ್ತಿಕೊಂಡು ಅರ್ಧ ಮೆಟ್ಟಿಲು ಹತ್ತಿ ಬಂದಳು. ಬಿಸಿಯಾರದ ಆ ಗಂಟನ್ನು ತಂತಿಯಕ್ಕನ ತೋಳಿಗೆ ತುರುಕಿದಳು. "ಹಿಡ್ಕೋ ಇದನ್ನ. ನೆನೆಸ್ಬೇಡ."