ಸಿಸಿಲಿಯಾ ಬಾಯಿಯ ಜೇನಿನ ವೈನ್

ಮೂರನೆಯ ಭರಣಿಯೂ ಇವತ್ತು ಹುಳಿಯಾಯಿತು. ವನೆಸ್ಸಾಳ ರೋಸಿಗೆ ಉಳಿದಿರುವುದು ಇಪ್ಪತ್ತನಾಲ್ಕೇ ದಿನ.

ಹಿರಿಯಡ್ಕದ ನಮ್ಮ ಪಕ್ಕದ ಮನೆಯ ಸಿಸಿಲಿಯಾ ಬಾಯಿಗೆ ಎಪ್ಪತ್ತೆರಡು ವರ್ಷ. ನಲವತ್ತು ವರ್ಷ ಊರಿನ ಮದುವಣಗಿತ್ತಿಯರಿಗೆ ರವಿಕೆ ಹೊಲಿದರು, ತಾವು ಮಾತ್ರ ಮದುವೆಯಾಗಲಿಲ್ಲ. ಮದುವೆಯ ಮುನ್ನಾದಿನ ಹುಡುಗಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರವೇ ರೋಸ್. ಬಾಯಿಯ ಅಮ್ಮ ಅದಕ್ಕೆಂದೇ ಜೇನಿನ ವೈನ್ ಮಾಡುತ್ತಿದ್ದರಂತೆ. ಅಮ್ಮ ಹೋದ ಮೇಲೆ ಯಾರೂ ಮಾಡಿಲ್ಲ. ತಮ್ಮ ಜಾರ್ಜನ ಮಗಳು ವನೆಸ್ಸಾಳ ರೋಸಿಗೆ ಅದೇ ವೈನ್ ಆಗಬೇಕು ಎಂಬುದು ಬಾಯಿಯ ಹಟ.

ಬರೆದಿಟ್ಟದ್ದು ಏನೂ ಇಲ್ಲ. ಜೇನು ಒಂದು ಪಾಲು, ಕಾಯಿಸಿ ಆರಿಸಿದ ನೀರು ನಾಲ್ಕು ಪಾಲು, ಹುದುಗಲು ಒಂದು ಸೌಟು ಹೊಸ ಕಳ್ಳು, ನಲವತ್ತು ದಿನ. ಬಾಯಿಗೆ ನೆನಪಿರುವುದು ಇಷ್ಟೇ.

"ಕಳ್ಳೇ ಸರಿಯಿಲ್ಲ ಮಾರಾಯ್ತಿ," ಎಂದರು ಇವತ್ತೂ. ಅಷ್ಟರಲ್ಲಿ ಅವರ ಅಡುಗೆಮನೆಯಲ್ಲಿ ಮಗುವನ್ನು ಸೊಂಟದಲ್ಲಿ ಎತ್ತಿಕೊಂಡು ನಿಂತಿದ್ದ ನನ್ನ ಕಣ್ಣಿಗೆ ಬಿತ್ತು: ಹಂದಿ ಮಾಂಸಕ್ಕೆ ಹಾಕುವ ಕಳ್ಳಿನ ವಿನೆಗರ್ ಭರಣಿಯಿಂದ ತೆಂಗಿನ ಚಿಪ್ಪಿನ ಸೌಟು ತೆಗೆದು, ತೊಳೆದು, ಅದರಲ್ಲೇ ನಾಲ್ಕನೆಯ ಭರಣಿಗೆ ಜೇನು ಕಲಕಲು ಹೊರಟಿದ್ದರು.

"ಬಾಯೀ, ಎರಡಕ್ಕೂ ಅದೇ ಸೌಟಾ?"

"ತೊಳೀತೇನಲ್ಲ! ನಿನ್ನ ಮಗುವಿನ ಬಾಟ್ಲಿಯಷ್ಟು ಕುದಿಸ್ಬೇಕಾ?"

"ಚಿಪ್ಪು ಹುಳಿ ಕುಡಿದಿರ್ತದೆ. ವಿನೆಗರ್, ವೈನ್ ಭರಣಿಗಳೂ ಒತ್ತಿಕೊಂಡೇ ಉಂಟು."

ಬಾಯಿ ಸೌಟನ್ನು ಬದಿಗಿಟ್ಟರು. ಆಮೇಲೆ, "ಅಮ್ಮ ವಿನೆಗರನ್ನು ಕಟ್ಟಿಗೆ ಕೊಟ್ಟಿಗೆಯಲ್ಲಿ ಇಡ್ತಿದ್ದದ್ದು," ಎಂದರು. ನನ್ನ ಮೇಲೆಯೇ ನನಗೆ ಸಿಟ್ಟು ಬಂತು. ನಾಲ್ಕು ತಿಂಗಳಿಂದ ದಿನಾ ಆ ಅಡುಗೆಮನೆಗೆ ಹೋಗಿಬರುತ್ತೇನೆ, ಕಣ್ಣಿದ್ದೂ ಕುರುಡಿಯಾದೆ.

ಉಳಿದ ಜೇನಿನಲ್ಲಿ ನಾಲ್ಕನೆಯದನ್ನು ಆ ದಿನವೇ ನಮ್ಮ ಮನೆಯಲ್ಲೇ ಹಾಕಿದೆವು. "ಸೆಕೆ ಉಂಟಲ್ಲ, ಬೇಗ ಆಗ್ತದೆ," ಎಂದು ಬಾಯಿ ದಿನಕ್ಕೆ ಮೂರು ಸಲ ಬಂದು ಭರಣಿಗೆ ಕಿವಿ ಇಡುತ್ತಿದ್ದರು.

*

ಇವತ್ತು ರೋಸ್. ಬೆಳಿಗ್ಗೆ ಭರಣಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದೆವು. ಹುಳಿಯಿಲ್ಲ! ಒಳ್ಳೆಯ ಪರಿಮಳ. ಆದರೆ ಅಕ್ಕಿ ತೊಳೆದ ನೀರಿನ ಹಾಗೆ ಬಗ್ಗಡ, ನಾಲಗೆಗೆ ಬರೀ ಸಿಹಿ, ಗುಳ್ಳೆ ಇನ್ನೂ ಏಳುತ್ತಲೇ ಇದೆ.

ಜಾರ್ಜ್ ಫೋನಿನಲ್ಲಿ, "ಸೋಸಿ ತಾ ಅಕ್ಕಾ, ಯಾರಿಗೆ ಗೊತ್ತಾಗ್ತದೆ?" ಎಂದರು.

"ನನಗೆ ಗೊತ್ತಾಗ್ತದೆ. ಹಸಿ ವೈನ್ ಕೊಟ್ಟು ಮದುವೆ ಮನೆಯವರ ಹೊಟ್ಟೆ ಕೆಡಿಸ್ಲಿಕ್ಕಾ? ಅಂಗಡಿಯಿಂದ ತಾ."

"ವನೆಸ್ಸಾಳಿಗೆ ಒಂದು ಚಮಚವಾದರೂ ಕೊಡಿ ಬಾಯೀ," ಎಂದೆ.

"ಆಗದ್ದನ್ನು ಆಯ್ತು ಅಂತ ಹೇಗೆ ಕೊಡ್ಲಿ ಭವ್ಯಾ?"

ಭರಣಿಯ ಬಾಯಿಗೆ ಬಟ್ಟೆಯನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ಕಟ್ಟಿದರು. "ಇನ್ನು ಹದಿನಾರು ದಿನ ಯಾರೂ ಮುಟ್ಟಬಾರ್ದು," ಎಂದು ನನ್ನನ್ನೇ ಗದರಿಸಿ, ಸೀರೆ ಉಡಲು ಮನೆಗೆ ಹೋದರು.