ಬ್ರೇಕ್ ಅಕ್ಕನ ಹಳದಿ ಕಣ್ಣು

ಡ್ರೈವಿಂಗ್ ಸ್ಕೂಲಿನಲ್ಲಿ ಅವಳನ್ನು ಎಲ್ಲರೂ ಬ್ರೇಕ್ ಅಕ್ಕ ಎನ್ನುತ್ತಿದ್ದರು. ಕಲಿಯಲು ಬಂದವರ ಪಕ್ಕದಲ್ಲಿ ಕೂತು, ತನ್ನ ಕಾಲ ಬಳಿಯ ಎರಡನೇ ಬ್ರೇಕನ್ನು ಸರಿಯಾದ ಗಳಿಗೆಯಲ್ಲಿ ಒತ್ತಿ, "ಗೋಡೆ ಪಕ್ಕಕ್ಕೆ ಸರಿಯಲ್ಲ ಸ್ವಾಮಿ, ನೀವೇ ತಿರುಗಬೇಕು" ಎಂದು ನಗಿಸುತ್ತಿದ್ದಳು.

ಅವಳ ಅಪ್ಪ ಕುಡಿದು ಕುಡಿದೇ ಸತ್ತವನು. ಕೊನೆಗಾಲದಲ್ಲಿ ಅವನ ವಾಂತಿ ಬಳಿದವಳು ಇವಳೇ. ಹೆಂಡದ ವಾಸನೆ ಮೂಗಿಗೆ ಬಡಿದರೆ ಸಾಕು, ಎದ್ದು ಹೊರಗೆ ಹೋಗುತ್ತಿದ್ದಳು. ಗಂಡ ಬಿಟ್ಟುಹೋದಾಗಲೂ ಒಂದು ತೊಟ್ಟು ಮುಟ್ಟಿದವಳಲ್ಲ.

ಮೊದಲು ಸುಸ್ತು, ಆಮೇಲೆ ಕೀಲುನೋವು. ಒಂದು ಬೆಳಿಗ್ಗೆ ಕಾರಿನ ಕನ್ನಡಿಯಲ್ಲಿ ನೋಡಿಕೊಂಡರೆ ಕಣ್ಣು ಹಳದಿಯಾಗಿತ್ತು. ಬೀದಿ ಕೊನೆಯ ಡಾಕ್ಟರು ರಕ್ತಪರೀಕ್ಷೆ ನೋಡಿ, "ಲಿವರ್ ಊದಿದೆ. ಯಾವಾಗಿಂದ ಕುಡೀತಿದ್ದೀರಿ?" ಎಂದರು.

"ನಾನು ಕುಡಿಯಲ್ಲ ಸಾರ್."

"ಎಲ್ಲರೂ ಹಾಗೇ ಹೇಳೋದು. ಮನೇಲಿ ಯಾರಾದ್ರೂ?"

"ಅಪ್ಪ."

"ಮತ್ತೇನು? ಬಿಟ್ಟು ಬನ್ನಿ."

ಜೊತೆಗೆ ಬಂದಿದ್ದ ಅಮ್ಮ ಅಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು; ಮನೆಗೆ ಬಂದು ಅಕ್ಕಪಕ್ಕದವರೆದುರು ಬಾಯಿಬಿಟ್ಟು ಅತ್ತಳು. ಮಾತು ಡ್ರೈವಿಂಗ್ ಸ್ಕೂಲಿಗೂ ಮುಟ್ಟಿತು. "ಬೇಜಾರು ಮಾಡ್ಕೋಬೇಡಿ, ಕುಡಿಯೋರ ಕೈಗೆ ಕಾರು ಹೇಗೆ ಕೊಡಲಿ?" ಎಂದು ಮಾಲೀಕ ಕೀಲಿ ಇಸಿದುಕೊಂಡ.

ವರ್ಷ ಕಳೆದ ಮೇಲೆ ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಬೇರೆ ಪರೀಕ್ಷೆ ಮಾಡಿಸಿದರು. ಸೂಜಿ ಹಾಕಿ ಲಿವರಿನ ಚೂರನ್ನೂ ತೆಗೆಸಿದರು.

"ನಿಮ್ಮ ಮೈ ಕಾಯಬೇಕಾದ ಶಕ್ತಿನೇ ಲಿವರ್ ಮೇಲೆ ಬಿದ್ದಿದೆ. ರಕ್ತದಲ್ಲಿರೋ ಈ ಪ್ರತಿಕಾಯಗಳೇ ಅದರ ಗುರುತು. ಕುಡಿತಕ್ಕೂ ಇದಕ್ಕೂ ಸಂಬಂಧ ಇಲ್ಲ. ಲಿವರ್ ಆಗಲೇ ಗಟ್ಟಿಯಾಗ್ತಿದೆ, ಆದ್ರೆ ಮಾತ್ರೆಗೆ ನಿಲ್ಲುತ್ತೆ. ನೀವಾಗೇ ಮಾತ್ರೆ ನಿಲ್ಲಿಸಬೇಡಿ."

ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅವಳು ಗಟ್ಟಿಯಾಗಿ ನಕ್ಕಳು. ರೋಗ ಬಂದಿದೆ ಎಂದು ಇಷ್ಟು ಹಿಗ್ಗಿದವರನ್ನು ಅಲ್ಲಿಯ ವಾಚ್‌ಮನ್ ಕಂಡಿರಲಿಲ್ಲ.

ಅಮ್ಮ ಎಲ್ಲ ಕೇಳಿಸಿಕೊಂಡು, "ಆ ಡಾಕ್ಟರಮ್ಮನ ಕಣ್ಣಿಗೂ ಮಣ್ಣೆರಚಿದ್ಯಾ?" ಎಂದಳು.

ಮಾತ್ರೆಗೆ ಹಳದಿ ಇಳಿಯಿತು, ಆದರೆ ಅದೇ ಮಾತ್ರೆಗೆ ಮುಖ ಊದಿಕೊಂಡಿತು. "ನಿಮ್ಮಪ್ಪಂದೂ ಹೀಗೇ ಊದಿತ್ತು" ಎನ್ನುತ್ತ ಅಮ್ಮ ಅವಳ ನೀರಿನ ಬಾಟಲಿ ಮೂಸತೊಡಗಿದಳು. ಬೀದಿಯಲ್ಲಿ ಹೆಂಗಸರು ಇವಳನ್ನು ಕಂಡು ಮಾತು ನಿಲ್ಲಿಸುತ್ತಿದ್ದರು. ತಡೆಯಲಾರದೆ, ಯಾರಿಗೂ ಹೇಳದೆ, ಅವಳು ಮಾತ್ರೆ ಬಿಟ್ಟಳು.

ಮುಖ ಇಳಿಯಿತು. ಅಮ್ಮ ಎಷ್ಟೋ ದಿನಗಳ ಮೇಲೆ ತಲೆ ನೇವರಿಸಿ, "ಬಿಟ್ಟೆಯಲ್ಲ ಕಂದ, ಗೊತ್ತಾಗುತ್ತೆ ನಂಗೆ" ಎಂದಳು. ಅವಳು ಆ ಕೈಗೆ ತಲೆಯೊಡ್ಡಿ ಕೂತಳು.

ಹಳದಿ ಮತ್ತೆ ಏರಿತು, ಹೊಟ್ಟೆಯಲ್ಲಿ ನೀರು ತುಂಬಿತು. ರಕ್ತ ಕಾರಿಕೊಂಡು ಆಸ್ಪತ್ರೆ ಸೇರಿದವಳು ಮತ್ತೆ ಮನೆಗೆ ಬರಲಿಲ್ಲ.

"ಕುಡೀದೇ ಇದ್ದಿದ್ರೆ ಉಳೀತಿದ್ಲಾ?" ಅಮ್ಮ ಕಾರಿಡಾರಿನಲ್ಲಿ ಕೇಳಿದಳು.

"ಅವರು ಕುಡಿದೇ ಇಲ್ಲಮ್ಮ" ಎಂದರು ಡಾಕ್ಟರಮ್ಮ.

ಅಮ್ಮ ಅವರ ಕೈ ಹಿಡಿದುಕೊಂಡಳು. "ಸತ್ತೋಳ ಮಾನ ಉಳಿಸ್ತಿದ್ದೀರಿ ತಾಯಿ. ನಿಮ್ಮ ಮನಸ್ಸು ದೊಡ್ಡದು."